ಅರ್ಧಕ್ಕಿಂತ ಕೆಳಗೆ ಸವೆದ ಪಟ್ಟಿ

ಜಗಳೂರು
11 ಜೂನ್ 2024

ಚನ್ನಗಿರಿಯ ಸೌಂಡ್ ರಿಪೇರಿ ಅಂಗಡಿಯ ಗೌಸ್‌ಪೀರ್ ಅವರಿಗೆ,

ನಾನು ಜಗಳೂರಿನ ಟೈಲರ್ ತಿಪ್ಪೇರುದ್ರಸ್ವಾಮಿ. ಮರೆತಿರಲಾರಿರಿ. ಹೊನ್ನಾಳಿಯ ಕಾರ್ಯಕ್ರಮದಿಂದ ಈಚೆಗೆ ನಾವಿಬ್ಬರೂ ಮಾತು ಬಿಟ್ಟಿದ್ದೇವೆ. ಅದು ಹಾಗೆಯೇ ಇರಲಿ. ಅದಕ್ಕೇ ಫೋನ್ ಮಾಡಲಿಲ್ಲ. ಕಾಗದ ಬರೆಯುವುದು ಮಾತಾಡಿದ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನು ತೀರ್ಮಾನಿಸಿದ್ದೇನೆ. ನನ್ನ ಹೆಂಡತಿ ಭೀಮಕ್ಕ ಇದನ್ನು ಕೇಳಿ ನಕ್ಕಳು. ನಗಲಿ.

ಈ ಕಾಗದ ತಂದವನು ನನ್ನ ತಂಗಿಯ ಮಗ ಕೆಂಚೇಶ್. ಬೀಜ, ಗೊಬ್ಬರ ಹೇರಿಕೊಂಡು ಸಂತೇಬೆನ್ನೂರು, ಚನ್ನಗಿರಿ ಕಡೆ ಗಾಡಿ ಓಡಿಸುತ್ತಾನೆ. ಅವನ ಕೈಲಿರುವ ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ಸ್ಟೀಲ್ ಗಿಟಾರಿನ ವಾಲ್ಯೂಮ್ ಪೆಡಲ್ ಇದೆ. ಕಲ್ಕತ್ತೆಯಿಂದ ತರಿಸಿದ್ದ ಅದೇ ಮರದ ಪೆಡಲ್. ಕಾಲಿನಿಂದ ಮುಂದಕ್ಕೆ ಒತ್ತಿದರೆ ಧ್ವನಿ ಏರಬೇಕು, ಹಿಂದಕ್ಕೆ ಬಿಟ್ಟರೆ ಇಳಿಯಬೇಕು. ಈಗ ಒತ್ತಿದರೂ ಬಿಟ್ಟರೂ ಹುರಿಗಡಲೆ ಅಗಿದಂತೆ ಕರಕರ ಎನ್ನುತ್ತದೆ. ಕೆಲವು ಕಡೆ ಧ್ವನಿಯೇ ಇಲ್ಲ. ದಾವಣಗೆರೆಯಲ್ಲಿ ಒಬ್ಬರಿಗೆ ತೋರಿಸಿದೆ. “ಇದನ್ನ ಒಲೆಗೆ ಹಾಕ್ರಿ, ಹೊಸಾದು ಆನ್‌ಲೈನ್‌ನಾಗೆ ಸಿಗ್ತೈತೆ” ಅಂದರು. ಹೊಸದು ನನ್ನ ಕಾಲಿಗೆ ಒಗ್ಗುವುದಿಲ್ಲ. ಜೀವಮಾನವೆಲ್ಲ ಹೊಲಿಗೆ ಮಿಷನ್ ತುಳಿದ ಕಾಲು ಇದು. ಇಷ್ಟು ಒತ್ತು ಎಂದರೆ ಇಷ್ಟೇ ಒತ್ತುತ್ತದೆ. ಅದಕ್ಕೆ ಪರಿಚಯದ ಪೆಡಲೇ ಬೇಕು.

ಈಗ ಯಾಕೆ ಅವಸರ ಅಂದರೆ, ನಮ್ಮ ಆರ್ಕೆಸ್ಟ್ರಾದ ಗಾಯಕಿ ಸಾವಂತ್ರಮ್ಮನವರಿಗೆ ನ್ಯಾಮತಿಯ ಮಹಿಳಾ ಸಂಘದವರು ಜನವರಿಯಲ್ಲಿ ಸನ್ಮಾನ ಇಟ್ಟುಕೊಂಡಿದ್ದಾರೆ. ಆ ದಿನ ಒಂದೆರಡು ಹಾಡು ಹಾಡಿ ಎಂದು ಕೇಳಿದ್ದಕ್ಕೆ ಅವರು, “ಸ್ವಾಮಣ್ಣನ ಗಿಟಾರ್ ಇದ್ರೆ ಹಾಡ್ತೀನಿ. ಇಲ್ದಿದ್ರೆ ಶಾಲು ಹೊದಿಸ್ಕೊಂಡು ಸುಮ್ನೆ ಬರ್ತೀನಿ” ಅಂದರಂತೆ. ಬೇರೆ ವಾದ್ಯ ಏನೂ ಬೇಡವಂತೆ. ಈಗ ಅವರ ದನಿ ಬಹಳ ತೆಳುವಾಗಿದೆ. ಇನ್ನೊಮ್ಮೆ ವೇದಿಕೆ ಹತ್ತುವ ಹುಮ್ಮಸ್ಸು ಅವರಿಗೂ ಉಳಿದಿಲ್ಲ, ನನಗೂ ಇಲ್ಲ. ಇದೇ ಕಡೆಯದು.

ಒಳಗೆ ಏನು ಮಾಡಬೇಕೋ ಮಾಡಿ. ಪೆಡಲಿನ ಎತ್ತರ, ಮೇಲಿನ ರಬ್ಬರು ಮಾತ್ರ ಮುಟ್ಟಬೇಡಿ. ನಾನು ಬರಿಗಾಲಲ್ಲಿ ನುಡಿಸುವವನು, ಅದು ನಿಮಗೆ ಗೊತ್ತು.

ಇಂತಿ, ಕೆಲಸಕ್ಕಾಗಿ ಮಾತ್ರ ಬರೆದ,
ತಿಪ್ಪೇರುದ್ರಸ್ವಾಮಿ


ಚನ್ನಗಿರಿ
24 ಜೂನ್ 2024

ಟೈಲರ್ ಸ್ವಾಮಿಯವರಿಗೆ ಸಲಾಂ.

ನೀವು ‘ನೀವು’ ಎಂದು ಬರೆದಿದ್ದೀರಿ, ನಾನೂ ಹಾಗೆಯೇ ಬರೆಯುತ್ತೇನೆ. ನನ್ನ ಸೊಸೆ ಶಾಹೀನ್ ಈಗ ಅಂಗಡಿಯ ಮುಂದಿನ ಭಾಗದಲ್ಲಿ ಮೊಬೈಲ್ ರಿಪೇರಿ ನೋಡಿಕೊಳ್ಳುತ್ತಾಳೆ, ನಾನು ಹಿಂದೆ ಕೂರುತ್ತೇನೆ. ಕಾಗದ ನೋಡಿ ಅವಳು, “ಮಾಮಾ, ಕಾಗದ ಬರ್ದು ರಿಪೇರಿ ಮಾಡ್ಸೋರು ಇನ್ನೂ ಅದಾರಾ?” ಅಂದಳು. ಒಬ್ಬರಿದ್ದಾರೆ, ಅವರು ಬಹಳ ಸಿಟ್ಟಿನವರು ಎಂದು ಹೇಳಿದ್ದೇನೆ.

ಪೆಡಲ್ ಬಿಚ್ಚಿದೆ. ಮರಕ್ಕೆ ಏನೂ ಆಗಿಲ್ಲ. ಹೋಗಿರುವುದು ಒಳಗಿನ ವಾಲ್ಯೂಮ್ ಕಂಟ್ರೋಲು, ನಾವು ಅಂಗಡಿಯಲ್ಲಿ ಪಾಟ್ ಎನ್ನುತ್ತೇವಲ್ಲ, ಅದು. ಅದರೊಳಗೆ ಕುದುರೆ ಲಾಳದ ಆಕಾರದ ಒಂದು ಕಪ್ಪು ಇಂಗಾಲದ ಪಟ್ಟಿ ಇರುತ್ತದೆ. ನೀವು ಕಾಲು ಒತ್ತಿದಾಗ ದಾರ ಒಂದು ಪುಟ್ಟ ರಾಟೆಯನ್ನು ತಿರುಗಿಸುತ್ತದೆ, ಆಗ ತಗಡಿನ ನಾಲಿಗೆಯೊಂದು ಆ ಪಟ್ಟಿಯ ಮೇಲೆ ಹಿಂದೆ ಮುಂದೆ ಓಡಾಡುತ್ತದೆ. ಓಡಾಡಿ ಓಡಾಡಿ ಪಟ್ಟಿ ಸವೆದು ತಳ ಕಾಣುತ್ತಿದೆ. ಸ್ಪ್ರೇ ಹೊಡೆದು ತೊಳೆದರೆ ಸ್ವಲ್ಪ ದಿನ ಸುಮ್ಮನಿರುತ್ತದೆ, ಆಮೇಲೆ ಅದೇ ರಾಗ. ಆದ್ದರಿಂದ ಹಳೆಯದನ್ನು ಕಿತ್ತು ಬೇರೆ ಪಾಟ್ ಹಾಕಿ ಬೆಸುಗೆ ಮಾಡಿದ್ದೇನೆ. ದಾರವೂ ಹರಿಯುವಂತಾಗಿತ್ತು. ಹಳೆಯ ರೇಡಿಯೊಗಳಲ್ಲಿ ಸ್ಟೇಷನ್ ಮುಳ್ಳನ್ನು ಎಳೆಯುತ್ತಿದ್ದ ದಾರ ನನ್ನ ಡಬ್ಬಿಯಲ್ಲಿ ಇನ್ನೂ ಒಂದು ಸುತ್ತು ಇತ್ತು. ಅದನ್ನೇ ಕಟ್ಟಿದ್ದೇನೆ. ನಾವಿಬ್ಬರೂ ಹೋದ ಮೇಲೂ ಉಳಿಯುವಷ್ಟು ಗಟ್ಟಿ.

ಒಂದು ಮಾತು. ಹಳೆಯ ಪಟ್ಟಿ ಪೂರ್ತಿ ಸವೆದಿಲ್ಲ. ಸವೆದಿರುವುದು ಅರ್ಧಕ್ಕಿಂತ ಕೆಳಗೆ ಮಾತ್ರ. ಮೇಲಿನ ಅರ್ಧ ನಿನ್ನೆ ಮೊನ್ನೆ ತಂದದ್ದರಂತೆ ಹೊಳೆಯುತ್ತಿದೆ. ಅಂದರೆ ನೀವು ಅಲ್ಲಿಯವರೆಗೆ ಹೆಚ್ಚು ಕಡಿಮೆ ಹೋಗಿಯೇ ಇಲ್ಲ. ಇದನ್ನು ಸುಮ್ಮನೆ ಬರೆದಿದ್ದೇನೆ. ಹಳೆಯ ಪಾಟನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ, ನೋಡಿಕೊಳ್ಳಿ.

ಸಾವಂತ್ರಮ್ಮ ಹಾಡುತ್ತಾರೆ ಎಂದು ತಿಳಿದು ಸಂತೋಷವಾಯಿತು.

ನಿಮ್ಮ ಆರ್ಕೆಸ್ಟ್ರಾದ ಹಳೆಯ ಸೌಂಡ್ ಮಿಕ್ಸರ್‌ನವನು,
ಗೌಸ್‌ಪೀರ್


ಜಗಳೂರು
20 ಜುಲೈ 2024

ಗೌಸ್‌ಪೀರ್ ಅವರಿಗೆ,

ಕರಕರ ಹೋಯಿತು, ಒಪ್ಪುತ್ತೇನೆ. ಆದರೆ ಇದೇನು ಹಾಕಿದ್ದೀರಿ? ಕಾಲು ಸ್ವಲ್ಪ ಅಲುಗಿಸಿದರೆ ಸಾಕು, ಗಿಟಾರು ಬಾಯಿ ಬಡಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಎಷ್ಟು ಒತ್ತಿದರೂ ಹೆಚ್ಚು ಬದಲಾವಣೆ ಇಲ್ಲ. ತಂತಿ ಮೀಟಿದ ಸದ್ದು ಕೇಳದಂತೆ, ಮೀಟಿದ ಮೇಲೆ ಕಾಲನ್ನು ಮೆಲ್ಲಗೆ ಒತ್ತಿ ಸ್ವರವನ್ನು ಒಳಗಿನಿಂದ ತರಬೇಕು. ಸ್ಟೀಲ್ ಗಿಟಾರಿನ ಜೀವವೇ ಅದರಲ್ಲಿದೆ. ನಿಮ್ಮ ಪಾಟಿನಲ್ಲಿ ಸ್ವರ ಬರುವುದಿಲ್ಲ, ನುಗ್ಗುತ್ತದೆ. ಭೀಮಕ್ಕ ಅಡುಗೆ ಮನೆಯಿಂದ, “ಯಾರಿಗೆ ಬೈಯಾಕೆ ಹತ್ತೀರಿ?” ಎಂದು ಕೇಳಿದಳು.

ಇನ್ನು ಆ ಪಟ್ಟಿಯ ವಿಷಯ. ಅರ್ಧಕ್ಕಿಂತ ಮೇಲೆ ಹೋಗಿಲ್ಲ ಎಂದು ಈಗ ಕಂಡಿತೇ? ಇದನ್ನೇ ನಾನು ಹೊನ್ನಾಳಿಯಲ್ಲಿ ಹೇಳಿದ್ದು. ಗಣಪತಿ ಪೆಂಡಾಲಿನಲ್ಲಿ ಅಷ್ಟು ಜನರ ಎದುರು, ಸಾವಂತ್ರಮ್ಮನ ಜೋಗುಳದ ನಡುವೆ, ನೀವು ಮಿಕ್ಸರಿನಲ್ಲಿ ನನ್ನ ತಿರುಪು ಇಳಿಸಿದಿರಿ. ಗಾಯಕಿಯ ದನಿ ಕೇಳುತ್ತಿಲ್ಲ, ನಾನು ಜೋರು ಮಾಡಿದ್ದೇನೆ ಅಂದಿರಿ. ನಾನು ಜೋರು ಮಾಡಿರಲಿಲ್ಲ. ವೈರು ಕಿತ್ತು ಇಳಿದು ಹೋದೆ. ಆವತ್ತು ಹೇಳಿದ್ದನ್ನೇ ಈಗಲೂ ಹೇಳುತ್ತೇನೆ. ನನ್ನ ವಾಲ್ಯೂಮ್ ಇರಬೇಕಾದದ್ದು ನನ್ನ ಕಾಲ ಕೆಳಗೆ, ಇನ್ನೊಬ್ಬರ ಕೈಯಲ್ಲಲ್ಲ.

ಪೆಡಲ್ ವಾಪಸ್ ಕಳಿಸಿದ್ದೇನೆ. ಸರಿಯಾದದ್ದನ್ನು ಹಾಕಿ.

ತಿಪ್ಪೇರುದ್ರಸ್ವಾಮಿ


ಚನ್ನಗಿರಿ
16 ಆಗಸ್ಟ್ 2024

ಸ್ವಾಮಿಯವರಿಗೆ ಸಲಾಂ.

ಪೆಡಲಿನ ವಿಷಯದಲ್ಲಿ ತಪ್ಪು ನನ್ನದೇ. ಪಾಟಿನಲ್ಲಿ ಎರಡು ಜಾತಿ. ಒಂದರ ಬೆನ್ನ ಮೇಲೆ ‘ಬಿ’ ಎಂದು ಇರುತ್ತದೆ, ಇನ್ನೊಂದರ ಮೇಲೆ ‘ಎ’. ‘ಬಿ’ ಅನ್ನುವುದು ಎಷ್ಟು ತಿರುಗಿತೋ ಅಷ್ಟು, ಸಮಸಮವಾಗಿ ಬಿಡುತ್ತದೆ. ನೋಡಲು ಅದೇ ನ್ಯಾಯ ಅನಿಸುತ್ತದೆ. ಆದರೆ ಕಿವಿ ನಿಮ್ಮ ಹಾಗೆ ಟೇಪು ಹಿಡಿದು ಅಳೆಯುವುದಿಲ್ಲ. ಮೌನದಿಂದ ಬಂದ ಸಣ್ಣ ಸದ್ದೂ ಅದಕ್ಕೆ ದೊಡ್ಡದು, ಗದ್ದಲದ ಮೇಲೆ ಗದ್ದಲ ಸೇರಿದರೆ ಗೊತ್ತೇ ಆಗುವುದಿಲ್ಲ. ಅದಕ್ಕೆ ‘ಎ’ ಪಾಟ್ ಬೇಕು. ಅದು ಮೊದಮೊದಲು ಬಹಳ ಜಿಪುಣ, ಹೋಗ್ತಾ ಹೋಗ್ತಾ ಧಾರಾಳ. ಕಿವಿಗೆ ಮಾತ್ರ ಒಂದೇ ಸಮ ಏರಿದಂತೆ ಕೇಳುತ್ತದೆ. ನನ್ನ ಡಬ್ಬಿಯಲ್ಲಿ ‘ಬಿ’ ಇತ್ತು, ಕೈಗೆ ಸಿಕ್ಕಿತೆಂದು ಹಾಕಿಬಿಟ್ಟೆ. ಇಷ್ಟು ವರ್ಷ ಈ ಕೆಲಸ ಮಾಡಿ ಹೀಗೆ ಮಾಡಿದ್ದಕ್ಕೆ ನನಗೇ ನಗು ಬಂತು.

‘ಎ’ ಪಾಟ್ ಈಗ ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೂ ಅದರ ಕಡ್ಡಿ ಗಿಡ್ಡ, ರಾಟೆ ಕೂರುವುದಿಲ್ಲ. ಶಿವಮೊಗ್ಗದಲ್ಲಿ ಹಳೆಯ ಆಂಪ್ಲಿಫೈಯರ್ ಸಾಮಾನು ಮಾರುವವರೊಬ್ಬರ ಹತ್ತಿರ ಉದ್ದ ಕಡ್ಡಿಯದು ಒಂದು ಸಿಕ್ಕಿತು. ಹಾಕಿದ್ದೇನೆ. ಮುಳ್ಳಿನ ಮೀಟರ್ ಕೊಟ್ಟು ಮೆಲ್ಲಗೆ ಒತ್ತಿ ನೋಡಿದೆ, ಮುಳ್ಳು ಎಲ್ಲೂ ಹಾರದೆ ಏರಿ ಇಳಿಯಿತು. ದಾರ ರಾಟೆಯಿಂದ ಜಾರದ ಹಾಗೆ ರಾಳದ ಪುಡಿ ಸವರಿದ್ದೇನೆ. ಇನ್ನು ತೊಂದರೆ ಬರಬಾರದು.

ಹೊನ್ನಾಳಿಯ ಬಗ್ಗೆ ನೀವು ಬರೆದದ್ದನ್ನು ಓದಿದೆ. ಪಟ್ಟಿ ಸುಳ್ಳು ಹೇಳುವುದಿಲ್ಲ, ನೀವು ಅರ್ಧ ದಾಟಿರಲಿಲ್ಲ. ಆವತ್ತು ಸಾವಂತ್ರಮ್ಮನ ದನಿ ನನಗೆ ಕೇಳುತ್ತಿರಲಿಲ್ಲ ಎನ್ನುವುದೂ ಸುಳ್ಳಲ್ಲ. ಅದನ್ನು ಅಲ್ಲಿಗೆ ಬಿಡೋಣ.

ಗೌಸ್‌ಪೀರ್


ಜಗಳೂರು
19 ಅಕ್ಟೋಬರ್ 2024

ಗೌಸ್,

ಒಂದೂವರೆ ತಿಂಗಳು ಸಹಿಸಿದೆ. ಇನ್ನು ಆಗುವುದಿಲ್ಲ. ಮೊದಲ ಒಂದೆರಡು ವಾರ ಚೆನ್ನಾಗಿತ್ತು, ಅದಕ್ಕೇ ಬರೆದಿರಲಿಲ್ಲ. ಈಗ ಮತ್ತೆ ಹಳೆಯ ಕಥೆ. ಮೆಲ್ಲಗೆ ಒತ್ತುತ್ತೇನೆ, ಏನೂ ಇಲ್ಲ. ಇನ್ನಷ್ಟು ಒತ್ತುತ್ತೇನೆ, ಒಮ್ಮೆಲೇ ಕೂಗುತ್ತದೆ. ಬಿಟ್ಟೆ ಅಂದುಕೊಂಡರೆ ಬಿಟ್ಟಿರುವುದಿಲ್ಲ, ಸ್ವರ ಹಾಗೇ ನಿಂತಿರುತ್ತದೆ. ಜೋಗುಳದಲ್ಲಿ ಹೀಗಾದರೆ ಮಗು ಎದ್ದು ಅಳುತ್ತದೆ.

ಈ ಸಾರಿ ಯಾವ ಜಾತಿಯದು ಹಾಕಿದೆ? ನಿನ್ನ ಕೈ ನನ್ನ ವಾಲ್ಯೂಮ್ ಮೇಲೆ ಬಿದ್ದಾಗಲೆಲ್ಲ ಹೀಗೇ ಆಗುವುದು. ಎಲ್ಲವೂ ಒಟ್ಟಿಗೆ ಕೈಕೊಡುತ್ತಿವೆ. ಹೊಲಿಗೆ ಮಿಷನ್ನಿನ ಬೆಲ್ಟು ಸಡಿಲವಾಗಿದೆ, ನಿಲ್ಲು ಎಂದರೆ ನಿಲ್ಲದೆ ಓಡುತ್ತದೆ. ಹೊಸ ಬೆಲ್ಟು ಹಾಕಿದೆ, ಅದೂ ಹಾಗೇ. ಸೂಜಿ ಮೇಲೆ ಸೂಜಿ ಮುರಿಯುತ್ತಿದೆ. ಈಗಿನ ಕಾಲದಲ್ಲಿ ಯಾವ ಸಾಮಾನೂ ಸರಿಯಾಗಿ ಬರುತ್ತಿಲ್ಲ.

ಸಾವಂತ್ರಮ್ಮ ಕಾರ್ಯಕ್ರಮದ ತಾರೀಕು ಕಳಿಸಿದ್ದಾರೆ. ಜನವರಿ ಹತ್ತೊಂಬತ್ತು, ಭಾನುವಾರ. ಪೆಡಲ್ ಮತ್ತೆ ಕೆಂಚೇಶನ ಕೈಲಿ ಕಳಿಸಿದ್ದೇನೆ. ಅಷ್ಟರಲ್ಲಿ ಸರಿಮಾಡಿ ಕೊಡುತ್ತೀಯೋ ಇಲ್ಲವೋ ಹೇಳು. ಆಗುವುದಿಲ್ಲ ಎಂದಾದರೆ ಈಗಲೇ ಬರಿ.

ಸ್ವಾಮಿ


ಚನ್ನಗಿರಿ
23 ಅಕ್ಟೋಬರ್ 2024

ಭೀಮಕ್ಕನವರಿಗೆ ಗೌಸ್‌ಪೀರ್ ಮಾಡುವ ಸಲಾಂ.

ಈ ಕಾಗದವನ್ನು ನಿಮ್ಮ ಕೈಗೇ ಕೊಡಬೇಕೆಂದು ಕೆಂಚೇಶನಿಗೆ ಹೇಳಿದ್ದೇನೆ. ಸ್ವಾಮಿಗೆ ತೋರಿಸಿದರೂ ತೊಂದರೆಯಿಲ್ಲ, ಆದರೆ ಮೊದಲು ನೀವು ಓದಿ.

ಪೆಡಲ್ ಬಿಚ್ಚಿ ನೋಡಿದೆ. ಏನೂ ಆಗಿಲ್ಲ. ಪಾಟ್ ಹೊಸದರಂತಿದೆ, ದಾರ ಬಿಗಿಯಾಗಿದೆ. ಮೀಟರಿನಲ್ಲಿ ನೋಡಿದೆ, ಆಂಪ್ಲಿಫೈಯರಿಗೆ ಕೊಟ್ಟು ಕೇಳಿದೆ, ಶಾಹೀನ್ ಕೈಲೂ ಒತ್ತಿಸಿದೆ. ಬೆಣ್ಣೆಯ ಹಾಗೆ ಏರುತ್ತದೆ, ಇಳಿಯುತ್ತದೆ. ಹಾಗಾದರೆ ಸ್ವಾಮಿ ಯಾಕೆ ಹೀಗೆ ಬರೆದ ಎಂದು ಪೆಡಲನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಆಗ ಮೇಲಿನ ರಬ್ಬರಿನ ಗೆರೆಗಳ ನಡುವೆ ಕಂದು ಬಣ್ಣದ ಕಲೆ ಕಂಡಿತು. ಮೊದಲು ಎಲೆ ಅಡಿಕೆ ಅಂದುಕೊಂಡೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅದು ರಕ್ತ. ಒಂದು ದಿನದ್ದಲ್ಲ, ಒಣಗಿದ್ದರ ಮೇಲೆ ಒಣಗಿದೆ.

ಅವನು ಕಾಗದದಲ್ಲಿ ಕಾಲು ನೋವೆಂದು ಒಂದಕ್ಷರ ಬರೆದಿಲ್ಲ. ಅದೇ ನನಗೆ ಹೆದರಿಕೆ. ಅವನಿಗೆ ಸಕ್ಕರೆ ಕಾಯಿಲೆ ಇದೆಯೇ? ನನ್ನ ಅಣ್ಣ ಮುಜೀಬನಿಗೆ ಇತ್ತು. ಚಪ್ಪಲಿಯೊಳಗೆ ಮೊಳೆ ಎದ್ದು ಅಂಗಾಲು ಕೊರೆಯುತ್ತಿದ್ದರೂ ಅವನಿಗೆ ಗೊತ್ತೇ ಆಗಲಿಲ್ಲ. ಕಾಲಿಗೆ ಸ್ಪರ್ಶವೇ ಹೋಗಿತ್ತು. ನಾವು ನೋಡುವ ಹೊತ್ತಿಗೆ ಹಿಮ್ಮಡಿಯವರೆಗೆ ಕಪ್ಪಾಗಿತ್ತು, ಪಾದ ತೆಗೆಯಬೇಕಾಯಿತು. ಸ್ವಾಮಿಗೂ ಹಾಗೇ ಆಗಿದ್ದರೆ ಪೆಡಲ್ ಎಷ್ಟು ಒತ್ತಿದೆ ಎಂದು ಅವನಿಗೆ ಹೇಗೆ ತಿಳಿಯಬೇಕು? ಮಿಷನ್ನಿನ ಬೆಲ್ಟು ಸಡಿಲ ಎಂದೂ ಬರೆದಿದ್ದಾನೆ. ಬೆಲ್ಟಿನದೂ ತಪ್ಪಲ್ಲ ಅನಿಸುತ್ತದೆ.

ದಯವಿಟ್ಟು ಈಗಲೇ, ಹಗಲು ಬೆಳಕಿನಲ್ಲಿ ಅವನನ್ನು ಕೂರಿಸಿ ಬಲಗಾಲಿನ ಅಂಗಾಲು ನೋಡಿ. ಏನಿಲ್ಲ ಎನ್ನುತ್ತಾನೆ, ಕೇಳಬೇಡಿ. ಪೆಡಲನ್ನು ನಾನು ಕಳಿಸುವುದಿಲ್ಲ. ಕಳಿಸಿದರೆ ಮತ್ತೆ ಒತ್ತುತ್ತಾನೆ. ಸರಿಯಾಗಿಲ್ಲ, ನನ್ನ ಹತ್ತಿರವೇ ಇದೆ ಎಂದು ಹೇಳಿ. ಬೈದರೆ ನನಗೇ ಬೈಯಲಿ, ಅವನಿಗೆ ಅಭ್ಯಾಸವಿದೆ.

ನಿಮ್ಮ ತಮ್ಮನಂಥ,
ಗೌಸ್‌ಪೀರ್


ಜಗಳೂರು
14 ನವೆಂಬರ್ 2024

ಗೌಸಣ್ಣಗೆ ಭೀಮಕ್ಕ ಬರೆಸಿದ್ದು. ನಾನು ಹೇಳಿದಂಗೇ ಬರಿ ಅಂತ ಕೆಂಚೇಶಗೆ ಹೇಳೀನಿ.

ಕಾಗದ ಬಂದ ದಿನಾನೇ ನೋಡ್ದೆ. ಅಂಗಳದಾಗೆ ಸ್ಟೂಲ್ ಹಾಕಿ ಕುಂದ್ರಿಸ್ದೆ. “ಏನೈತೆ ಅಂತ ನೋಡ್ತೀಯೆ, ಹೋಗೆ ಅತ್ಲಾಗೆ” ಅಂದ್ರು. ನಾನು ಬಿಡಲಿಲ್ಲ. ಕಾಲು ಎತ್ತಿ ನೋಡಿದ್ರೆ ಹೆಬ್ಬೆಟ್ಟಿನ ಪಕ್ಕದ ಬೆರಳಿನ ಬುಡದಾಗೆ ತೂತು. ಸುತ್ತ ಊದಿತ್ತು, ವಾಸನೆ ಬೇರೆ. ನಾನು ಬೆರಳಿಟ್ಟು ಒತ್ತಿದ್ರೂ ಅವ್ರು ನನ್ನ ಮುಖಾನೇ ನೋಡ್ತಿದ್ರು. “ನೋಯಲ್ವೇನ್ರಿ?” ಅಂದೆ. “ಮುಟ್ಟಿದ್ಯಾ?” ಅಂದ್ರು.

ದಾವಣಗೆರೆಗೆ ಕರ್ಕೊಂಡು ಹೋದ್ವಿ. ಡಾಕ್ಟರು ಕೊಯ್ದು ಒಳಗಿಂದ ಏನು ತೆಗೆದ್ರು ಗೊತ್ತಾ? ಮಿಷನ್ ಸೂಜಿ ಮುರುಕು. ಅವ್ರು ಬರಿಗಾಲಾಗೆ ತುಳಿಯೋರಲ್ವಾ, ಮುರಿದ ಸೂಜಿ ನೆಲದಾಗೆ ಬಿದ್ದಿದ್ದು ಹೊಕ್ಕೈತೆ. ಯಾವಾಗ ಹೊಕ್ತು ಅಂತಾನೇ ಅವರಿಗೆ ಗೊತ್ತಿಲ್ಲ. ಶುಗರ್ ಎಷ್ಟೋ ವರ್ಷದಿಂದ ಐತೆ, ಗುಳಿಗೆ ನುಂಗಿದಾಗ ನುಂಗಿದ್ರು, ಬಿಟ್ಟಾಗ ಬಿಟ್ರು. ಒಂದು ಸಾರಿ ಸಂತೆಯಿಂದ ಬಂದೋರು ಒಂದು ಚಪ್ಪಲಿ ದಾರಿಯಾಗೇ ಬಿಟ್ಟು ಬಂದಿದ್ರು. ಅವಾಗ ನಾನು ನಕ್ಕಿದ್ದೆ. ಈಗ ನೆನಸ್ಕೊಂಡ್ರೆ ಅಳು ಬರ್ತೈತೆ.

ಆ ಬೆರಳು ತೆಗೆದ್ರು. ಕಾಲು ಉಳೀತು. ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ ಪಾದ ಉಳೀತಿರಲಿಲ್ಲ ಅಂದ್ರು ಡಾಕ್ಟರು. “ಯಾರಮ್ಮ ಮೊದ್ಲು ನೋಡಿದ್ದು?” ಅಂತ ಕೇಳಿದ್ರು. ರೇಡಿಯೊ ರಿಪೇರಿಯೋರು ಅಂದೆ. ಅವರಿಗೆ ಅರ್ಥ ಆಗಲಿಲ್ಲ.

ಗಾಯ ಮಾಯೋತನಕ ಆ ಕಾಲು ಊರಂಗಿಲ್ಲ, ಏನೂ ತುಳಿಯಂಗಿಲ್ಲ. ಮಿಷನ್ನಿಗೆ ಬಟ್ಟೆ ಹೊದಿಸಿ ಇಟ್ಟೀನಿ. ಅವ್ರು ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿರ್ತಾರೆ. ಗಿಟಾರ್ ಸುದ್ದಿ ಎತ್ತಿದ್ರೆ ಮುಸುಕು ಎಳ್ಕೊಂತಾರೆ. ನಿಮ್ ಕಾಗದ ಓದಿ ಕೊಟ್ಟೆ. ಓದಿ ದಿಂಬಿನ ಕೆಳಗೆ ಇಟ್ಕೊಂಡ್ರು. ನೀವೇ ಏನಾರ ಬರೀರಿ ಅಣ್ಣ, ನಿಮ್ಮ ಮೇಲೆ ಸಿಟ್ಟು ಬಂದ್ರಾದ್ರೂ ಎದ್ದು ಕೂರ್ತಾರೆ.

ನಿಮ್ಮ ಉಪಕಾರ ನಾನು ಮರೆಯಲ್ಲ.

ಭೀಮಕ್ಕ


ಜಗಳೂರು
8 ಡಿಸೆಂಬರ್ 2024

ಗೌಸ್,

ಭೀಮಕ್ಕ ನಿನಗೆ ಬರೆಸಿದ ವಿಷಯ ಕೆಂಚೇಶ್ ಹೇಳಿದ. ಹೆಚ್ಚು ಹೇಳುವುದೇನಿಲ್ಲ. ಬೆರಳು ಹೋಯಿತು, ಕಾಲು ಇದೆ. ಕಾಲು ಇದೆ ಎಂದು ಕಣ್ಣಿಂದ ನೋಡಿ ತಿಳಿದುಕೊಳ್ಳಬೇಕು, ಅಷ್ಟೆ. ಕಣ್ಣು ಮುಚ್ಚಿದರೆ ಮೊಣಕಾಲಿನ ಕೆಳಗೆ ಏನೂ ಇಲ್ಲದಂತಿರುತ್ತದೆ.

ಪಾಟ್ ಸರಿಯಾಗಿತ್ತು. ಬೆಲ್ಟೂ ಸರಿಯಾಗಿತ್ತು. ನನಗೆ ಹೇಳದೆ ಹೋಗಿದ್ದು ನನ್ನ ಕಾಲು. ಇದನ್ನು ಬರೆಯುವುದಕ್ಕೆ ಮೂರು ಸಲ ಕಾಗದ ತೆಗೆದು ಇಟ್ಟೆ. ಯಾರ ಮೇಲೂ ಇಲ್ಲದ ನಂಬಿಕೆ ನನಗೆ ಆ ಕಾಲಿನ ಮೇಲಿತ್ತು ಗೌಸ್. ಕಾಜಾ ಹೊಲಿಯುವಾಗ ಒಂದು ಹೊಲಿಗೆ ಎಂದರೆ ಒಂದೇ ಹೊಲಿಗೆ ಹಾಕಿ ನಿಲ್ಲುತ್ತಿತ್ತು. ಈಗ ಭಯವಾಗುತ್ತದೆ, ಏನು ತುಳಿಯುತ್ತಿದ್ದೇನೆ ಎಂದು ಗೊತ್ತಾಗದ ಭಯ. ಹೆಂಡತಿಯ ಎದುರು ಇದನ್ನು ಹೇಳಲಾರೆ, ಅವಳು ಈಗಾಗಲೇ ಅರ್ಧ ಆಗಿದ್ದಾಳೆ.

ಎಡಗಾಲಲ್ಲಿ ಯಾಕಾಗಬಾರದು ಎಂದು ನೀನು ಕೇಳಬಹುದು. ಮಂಚದ ಮೇಲೆ ಕೂತು ಎಡಗಾಲಿನ ಕೆಳಗೆ ಪುಸ್ತಕ ಇಟ್ಟುಕೊಂಡು ಒತ್ತಿ ನೋಡಿದೆ. ಅದೂ ಅದೇ ದಾರಿ ಹಿಡಿದಿದೆ, ಸ್ವಲ್ಪ ಹಿಂದೆ ಇದೆ ಅಷ್ಟೆ.

ಸಾವಂತ್ರಮ್ಮನಿಗೆ ಬರೆದೆ, ಬರಲಾಗುವುದಿಲ್ಲ ಎಂದು. ಅವರು ತಮ್ಮ ಮಗಳಿಂದ ಫೋನ್ ಮಾಡಿಸಿದರು. “ಹಂಗಾದ್ರೆ ನಾನೂ ಹಾಡಲ್ಲ ಸ್ವಾಮಣ್ಣ, ಬರೀ ಶಾಲಿಗೆ ಹೋಗಿ ಬರ್ತೀನಿ” ಅಂದರು. ಅವರ ದನಿ ಫೋನಿನಲ್ಲೇ ಸರಿಯಾಗಿ ಕೇಳಲಿಲ್ಲ. ಅವರು ಹಾಡದೆ ಬರುವುದು ನನಗೂ ಸರಿ ಕಾಣುತ್ತಿಲ್ಲ.

ಕೈಗಳು ಚೆನ್ನಾಗಿವೆ. ಸ್ವರ ಹಿಡಿಯುತ್ತವೆ. ಆದರೆ ವಾಲ್ಯೂಮ್ ಇಲ್ಲದ ಸ್ಟೀಲ್ ಗಿಟಾರ್ ಬರೀ ತಂತಿ ಎಳೆದ ಸದ್ದು. ಪೆಡಲನ್ನು ನೀನೇ ಇಟ್ಟುಕೋ, ಬೇಕಾದವರಿಗೆ ಕೊಡು. ನನಗೆ ಬೇಡ.

ಸ್ವಾಮಿ


ಚನ್ನಗಿರಿ
15 ಡಿಸೆಂಬರ್ 2024

ಸ್ವಾಮಿ,

ನಿನ್ನ ಪೆಡಲನ್ನು ಯಾರಿಗೂ ಕೊಡುವುದಿಲ್ಲ. ಅದನ್ನು ನನ್ನ ಮೇಜಿನ ಮೇಲೆ ಇಟ್ಟುಕೊಂಡು ಒಂದು ಕೆಲಸ ಮಾಡಿ ನೋಡಿದೆ. ಸಿಟ್ಟಾಗದೆ ಪೂರ್ತಿ ಓದು. ಸಿಟ್ಟಾದರೂ ಪೂರ್ತಿ ಓದು.

ನಮ್ಮ ಆರ್ಕೆಸ್ಟ್ರಾದ ಒಂದು ಕ್ಯಾಸೆಟ್ ನನ್ನ ಹತ್ತಿರ ಇದೆ. ಟೇಪ್‌ರೆಕಾರ್ಡರಿನ ಧ್ವನಿಯನ್ನು ನಿನ್ನ ಪೆಡಲಿನ ಮೂಲಕ ಹಾಯಿಸಿ, ಪೆಡಲನ್ನು ಅಂಗೈಯಿಂದ ಒತ್ತಿದೆ. ಮೊದಲ ದಿನ ಕೆಟ್ಟದಾಗಿತ್ತು. ಶಾಹೀನ್, “ಮಾಮಾ, ಯಾರದೋ ಕತ್ತು ಹಿಸುಕ್ತಿದ್ದೀರಾ?” ಅಂದಳು. ದಿನಾ ಮಾಡಿದೆ. ಈಗ ಅಷ್ಟು ಕೆಟ್ಟದಾಗಿಲ್ಲ.

ಹೇಳುವುದು ಇಷ್ಟೆ. ನೀನು ಗಿಟಾರ್ ನುಡಿಸು. ಪೆಡಲ್ ನಾನು ಒತ್ತುತ್ತೇನೆ. ನಿನ್ನ ಪಕ್ಕದಲ್ಲಿ ಗಿಡ್ಡನೆಯ ಮೇಜು ಹಾಕಿ, ಅದರ ಮೇಲೆ ಪೆಡಲ್ ಇಟ್ಟು, ಕೈಯಿಂದ. ಉದ್ದ ವೈರು ಮಾಡಿದರೆ ಆಯಿತು.

ನೀನು ಏನು ಹೇಳುತ್ತೀಯ ಎಂದು ಗೊತ್ತು. ನಿನ್ನ ವಾಲ್ಯೂಮ್ ನಿನ್ನ ಕಾಲ ಕೆಳಗೆ, ಇನ್ನೊಬ್ಬರ ಕೈಯಲ್ಲಲ್ಲ. ಅದರಲ್ಲೂ ನನ್ನ ಕೈಯಲ್ಲಿ ಅಲ್ಲವೇ ಅಲ್ಲ. ಆದರೆ ಯೋಚನೆ ಮಾಡು, ಇನ್ಯಾರ ಕೈಲಿ ಆದೀತು? ಅಷ್ಟು ವರ್ಷ ನಿನ್ನ ಎದುರು ಮಿಕ್ಸರ್ ಹಿಂದೆ ಕೂತವನು ನಾನು. ಸ್ವರ ಏರಿಸುವ ಮುಂಚೆ ನಿನ್ನ ಬಲಭುಜ ಒಂದಿಷ್ಟು ಮೇಲೇಳುತ್ತದೆ. ಇಳಿಸುವ ಮುಂಚೆ ಗಲ್ಲ ಎದೆಗೆ ಬರುತ್ತದೆ. ಅದು ನಿನಗೇ ಗೊತ್ತಿರಲಾರದು. ನುಡಿಸುವಾಗ ನಿನ್ನ ಕಾಲನ್ನು ನಾನು ಯಾವತ್ತೂ ನೋಡಿಲ್ಲ, ಅದು ಗಿಟಾರ್ ಇಟ್ಟ ಮೇಜಿನ ಕೆಳಗಿರುತ್ತಿತ್ತು. ನಾನು ನೋಡುತ್ತಿದ್ದದ್ದು ಭುಜವನ್ನು.

ಬೇಡ ಎಂದರೆ ಒತ್ತಾಯವಿಲ್ಲ. ಆದರೆ ಸಾವಂತ್ರಮ್ಮ ಹಾಡದೆ ಬರಬಾರದು. ಅದು ನಿನಗೂ ಇಷ್ಟವಿಲ್ಲ, ನಿನ್ನ ಕಾಗದದಲ್ಲೇ ಇದೆ.

ಗುಳಿಗೆ ತಪ್ಪಿಸಬೇಡ.

ಗೌಸ್


ಜಗಳೂರು
26 ಡಿಸೆಂಬರ್ 2024

ಗೌಸ್,

ನಿನ್ನ ಕಾಗದ ಓದಿ ಹರಿದು ಹಾಕಬೇಕೆನಿಸಿತು. ಭೀಮಕ್ಕ ಕಿತ್ತುಕೊಂಡಳು. “ಹೊನ್ನಾಳ್ಯಾಗೆ ವೈರು ಕಿತ್ರಿ, ಇಲ್ಲಿ ಕಾಗದ ಕೀಳ್ತೀರಿ, ಆಮೇಲೆ ಕೀಳಾಕೆ ಏನೈತೆ?” ಅಂದಳು.

ಕನ್ನಡಿಯ ಮುಂದೆ ಕೂತು ನುಡಿಸಿ ನೋಡಿದೆ. ಭುಜ ಏಳುತ್ತದೆ, ನಿಜ.

ಬಾ. ಆದರೆ ನನ್ನ ಷರತ್ತುಗಳಿವೆ. ಹೊಸ ವರ್ಷ ಕಳೆದ ಮೇಲೆ ಕೆಂಚೇಶನ ಗಾಡಿಯಲ್ಲಿ ಪೆಡಲಿನ ಸಮೇತ ಬಂದು ಎರಡು ದಿನ ಇಲ್ಲಿ ಇರಬೇಕು. ಊಟಕ್ಕೆ ಜೋಳದ ರೊಟ್ಟಿ, ಮುದ್ದೆ ಎರಡೂ ಇರುತ್ತವೆ. ಅಭ್ಯಾಸದ ಹೊತ್ತಿನಲ್ಲಿ ಮಾತು ಬೇಡ. ಭುಜ ಎದ್ದರೆ ಏರಿಸಬೇಕು, ಗಲ್ಲ ಇಳಿದರೆ ಇಳಿಸಬೇಕು. ನಿನ್ನ ಸ್ವಂತ ಬುದ್ಧಿ ಉಪಯೋಗಿಸಬಾರದು. ಇದು ಮುಖ್ಯ. ಕಾಲು ಎಂದಾದರೂ ತಾನೇ ಯೋಚಿಸುತ್ತದೆಯೇ? ನೀನು ನನ್ನ ಕಾಲು, ಅಷ್ಟೆ.

ಸಾವಂತ್ರಮ್ಮನಿಗೆ ಹಾಡಿನ ಶ್ರುತಿ ಕೇಳಿ ಬರೆದಿದ್ದೇನೆ.

ಸ್ವಾಮಿ


ಜಗಳೂರು
22 ಜನವರಿ 2025

ಗೌಸ್,

ನ್ಯಾಮತಿಯಿಂದ ಬಂದು ಸುಖವಾಗಿ ತಲುಪಿದೆವು. ಕಾಲಿಗೆ ಏನೂ ಆಗಿಲ್ಲ. ಭೀಮಕ್ಕ ದಿನಾ ಬೆಳಿಗ್ಗೆ ಎರಡೂ ಅಂಗಾಲನ್ನು ನೋಡಿ, ಒತ್ತಿ, ಸಮಾಧಾನ ಮಾಡಿಕೊಂಡ ಮೇಲೆಯೇ ಕಾಫಿ ಕೊಡುವುದು.

ಮೊನ್ನೆ ವೇದಿಕೆಯ ಮೇಲೆ ನೀನು, “ಕುರ್ಚಿ ಈ ಕಡೆ ಸರಿಸು” ಅಂದೆ. ನಾನು “ಹೂಂ” ಅಂದೆ. ನಮ್ಮ ನಡುವೆ ಆದದ್ದು ಅಷ್ಟೇ. ಆಮೇಲೆ ಜನ ಮುತ್ತಿಕೊಂಡರು, ಕೆಂಚೇಶ್ ಗಾಡಿ ತಂದ, ಹೊರಟುಬಿಟ್ಟೆವು. ಹೇಳಬೇಕಾದದ್ದು ಉಳಿಯಿತು. ಅದಕ್ಕೆ ಈ ಕಾಗದ.

ಮೊದಲ ಹಾಡು ಚೆನ್ನಾಗಿಯೇ ಹೋಯಿತು. ಇಲ್ಲಿ ಎರಡು ದಿನ ಅಭ್ಯಾಸ ಮಾಡಿದಾಗ ನಾನು ಹೇಳಿದ್ದಷ್ಟನ್ನೇ ನೀನು ಮಾಡಿದೆ, ಭುಜಕ್ಕೆ ಸರಿಯಾಗಿ ಏರಿಸಿದೆ, ಗಲ್ಲಕ್ಕೆ ಸರಿಯಾಗಿ ಇಳಿಸಿದೆ. ಜೋಗುಳ ಶುರುವಾದಾಗ ನನಗೆ ಹುಮ್ಮಸ್ಸು ಬಂದಿತ್ತು. ಕೊನೆಯ ಸಾಲಿನ ಹೊತ್ತಿಗೆ ನನ್ನ ಭುಜ ಎದ್ದಿತು, ನನಗೆ ಚೆನ್ನಾಗಿ ನೆನಪಿದೆ. ಎದ್ದಿತು, ಆದರೆ ಧ್ವನಿ ಏರಲಿಲ್ಲ. ತಿರುಗಿ ನೋಡಿದೆ. ನಿನ್ನ ಅಂಗೈ ಹಿಂದಕ್ಕೆ ಸರಿಯುತ್ತಿತ್ತು. ನನ್ನನ್ನು ಇಳಿಸುತ್ತಿದ್ದೆ. ನೀನು ನನ್ನ ಮುಖ ನೋಡುತ್ತಿರಲಿಲ್ಲ, ಸಾವಂತ್ರಮ್ಮನ ಕಡೆ ನೋಡುತ್ತಿದ್ದೆ.

ಅದೇ ಹೊನ್ನಾಳಿ, ಅದೇ ಹಾಡು, ಅದೇ ಕೈ. ಕೀಳುವುದಕ್ಕೆ ವೈರು ಹುಡುಕಿದೆ. ಅದು ನಿನ್ನ ಕಡೆ ಇತ್ತು. ಎದ್ದು ಹೋಗೋಣವೆಂದರೆ ಕಾಲು ಊರುವಂತಿಲ್ಲ. ಹೀಗಾಗಿ ಕೂತೇ ಇದ್ದೆ. ಕೈಗಳು ತಮ್ಮ ಪಾಡಿಗೆ ನುಡಿಸುತ್ತಿದ್ದವು, ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ.

ಆಗ ಅವರ ದನಿ ಕೇಳಿತು. ಎಷ್ಟು ಸಣ್ಣ ದನಿ ಗೌಸ್ ಅದು. ಉಸಿರಿಗಿಂತ ಸ್ವಲ್ಪ ಹೆಚ್ಚು. ಅದರ ಕೆಳಗೆ ನನ್ನ ಗಿಟಾರು ಇತ್ತು, ಆದರೆ ದನಿಯನ್ನು ಮುಟ್ಟುತ್ತಿರಲಿಲ್ಲ. ಕೊನೆಯ ಸಾಲಿನ ಒಂದೊಂದು ಅಕ್ಷರವೂ ಸಭಾಂಗಣದ ಹಿಂದಿನ ಗೋಡೆಯವರೆಗೆ ಹೋಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಒರೆಸಿಕೊಳ್ಳುತ್ತಿದ್ದೆ, ಆದರೆ ಕೈ ಖಾಲಿ ಇರಲಿಲ್ಲ.

ಹೊನ್ನಾಳಿಯಲ್ಲಿಯೂ ಹೀಗೇ ಕೇಳಿಸಿತ್ತೇನೋ. ನಾನು ಅಲ್ಲಿರಲಿಲ್ಲವಲ್ಲ, ಇಳಿದು ಹೋಗಿದ್ದೆ. ಅರ್ಧ ದಾಟಿಲ್ಲ, ಅರ್ಧ ದಾಟಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ದಾಟಿರಲಿಲ್ಲ. ಆದರೆ ಆ ಹಾಡಿಗೆ ಅರ್ಧವೂ ಹೆಚ್ಚೇ ಆಗಿತ್ತು.

ಸ್ವಂತ ಬುದ್ಧಿ ಉಪಯೋಗಿಸಬಾರದು ಎಂದು ನಿನಗೆ ಷರತ್ತು ಹಾಕಿದ್ದೆ. ನೀನು ಮೀರಿದೆ. ಒಳ್ಳೆಯದಾಯಿತು.

ಪೆಡಲ್ ನಿನ್ನ ಹತ್ತಿರವೇ ಇರಲಿ. ಸಾವಂತ್ರಮ್ಮ ಯುಗಾದಿಗೆ ಇನ್ನೊಂದು ಹಾಡು ಎನ್ನುತ್ತಿದ್ದಾರೆ. ಆಗುತ್ತದೋ ಇಲ್ಲವೋ, ಅಭ್ಯಾಸ ಬಿಡಬೇಡ. ಆ ಪಟ್ಟಿ ಇನ್ನು ಸವೆಯುವುದು ನಿನ್ನ ಕೈಯಿಂದ. ಎಲ್ಲಿ ಸವೆಯುತ್ತಿದೆ ಎಂದು ನನಗೆ ಬರೆಯಬೇಡ, ಹೇಳು. ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ. ಎತ್ತು.

ಸ್ವಾಮಿ